ಟ್ಯಾಕೆಟ್ ಮೂರನೇ ವರ್ಷಕ್ಕೆ ಸೇರಿದ್ದು

ಟಲ್ಲಿ ಫೋರ್ಕ್ ಎಂಬ ಊರಿನ ಹಾಸಿಗೆ ಅಂಗಡಿಗೆ ಹೋದವರಿಗೆ ಹಾಸಿಗೆಯ ಜೊತೆಗೆ ಅಮೆರಿಕದ ಸಂವಿಧಾನವೂ ಸಿಗುತ್ತಿತ್ತು. ಹಾಸಿಗೆಗೆ ದುಡ್ಡು ಕೊಡಬೇಕಾಗಿತ್ತು. ಸಂವಿಧಾನ ಬೇಡವೆಂದರೂ ಬರುತ್ತಿತ್ತು. ಅಂಗಡಿಯಲ್ಲಿ ಮಾರುವ ಕೆಲಸಕ್ಕೆ ನಿಂತಿದ್ದವನು ವರ್ಲನ್ ಟ್ಯಾಕೆಟ್. ನಲವತ್ತು ದಾಟಿದ, ಹೊಟ್ಟೆ ಸ್ವಲ್ಪ ಮುಂದೆ ಬಂದ, ಕೂದಲು ಸ್ವಲ್ಪ ಹಿಂದೆ ಸರಿದ ಗಂಡಸು. ಒಮ್ಮೆ ಮೈಚಾಚಿ ನೋಡಿ ಎಂದು ಗಿರಾಕಿಯನ್ನು ಹಾಸಿಗೆಯ ಮೇಲೆ ಮಲಗಿಸುವನು. ಮಲಗಿದವರು ಏಳುವಷ್ಟರಲ್ಲಿ ಮೇಲ್ಮನೆಗೂ ಕೆಳಮನೆಗೂ ಇರುವ ವ್ಯತ್ಯಾಸವನ್ನು ವಿವರಿಸಿ ಮುಗಿಸಿರುವನು. ಕೆಲವರು ನಡುವೆ ನಿಜವಾಗಿಯೇ ನಿದ್ದೆ ಹೋಗಿ, ಎದ್ದ ಮೇಲೆ ಅದು ಹಾಸಿಗೆಯ ಗುಣವೆಂದು ತಿಳಿದು ಕೊಂಡುಕೊಂಡು ಹೋದದ್ದೂ ಉಂಟು. ಹಾಗಾಗಿ ಮಾಲೀಕ ಅವನನ್ನು ಕೆಲಸದಿಂದ ತೆಗೆದಿರಲಿಲ್ಲ.

ವರ್ಲನ್ನನಿಗೆ ಈ ಹುಚ್ಚು ಹಿಡಿಸಿದ್ದು ಊರಿನ ಕಮ್ಯುನಿಟಿ ಕಾಲೇಜು. ಹಗಲು ಹಾಸಿಗೆ ಮಾರಿ, ಸಂಜೆ ಅಲ್ಲಿ ಕ್ವಿಲನ್ ಮೇಷ್ಟ್ರ ರಾಜ್ಯಶಾಸ್ತ್ರದ ತರಗತಿಗೆ ಹೋಗಿ ಕೂರುತ್ತಿದ್ದ. ಮೇಷ್ಟ್ರು ಹೇಳುತ್ತಿದ್ದ ಕೋರ್ಸುಗಳನ್ನು ಒಂದೂ ಬಿಡಲಿಲ್ಲ. ಎಲ್ಲದರಲ್ಲೂ ಒಳ್ಳೆಯ ದರ್ಜೆ ಬಂತು. ಈ ಕಾಲೇಜಿನಲ್ಲಿ ಎರಡು ವರ್ಷದ ಓದು ಮುಗಿಸಿ, ಗಳಿಸಿದ ಕ್ರೆಡಿಟ್ಟುಗಳನ್ನು ಹೊತ್ತುಕೊಂಡು ವಿಶ್ವವಿದ್ಯಾಲಯಕ್ಕೆ ಹೋದರೆ ನೇರ ಮೂರನೇ ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆಂದು ಕಾಲೇಜಿನ ಬಾಗಿಲಲ್ಲೇ ದೊಡ್ಡದಾಗಿ ಬರೆದಿತ್ತು. ವರ್ಲನ್ ಅದನ್ನು ಪ್ರತಿ ಸಂಜೆ ಓದಿಕೊಂಡೇ ಒಳಗೆ ಹೋಗುತ್ತಿದ್ದ.

ಆಸೆಗೆ ಇನ್ನೊಂದು ಕಾರಣವೂ ಇತ್ತು. ಊರಿನ ಹೈಸ್ಕೂಲಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದ ವೃದ್ಧ ಮೇಷ್ಟ್ರು ಇನ್ನೆರಡು ವರ್ಷಕ್ಕೆ ನಿವೃತ್ತರಾಗುವವರಿದ್ದರು. ಪ್ರಿನ್ಸಿಪಾಲರಾದ ಬ್ಲೆಡ್ಸೋ ಮೇಡಂ ಒಮ್ಮೆ ಅಂಗಡಿಗೆ ಬಂದು, ಹಾಸಿಗೆಯ ಮೇಲೆ ಮಲಗಿಕೊಂಡೇ ಅವನ ಉಪನ್ಯಾಸವನ್ನೆಲ್ಲ ಕೇಳಿ, "ಡಿಗ್ರಿ ತಗೊಂಡು ಬಾರಪ್ಪ, ಆ ಕುರ್ಚಿ ನಿನಗೇ ಇಟ್ಟಿರ್ತೀನಿ" ಎಂದಿದ್ದರು. ಅಂದಿನಿಂದ ವರ್ಲನ್ ಕುರ್ಚಿಯ ಮೇಲೆ ಕೂತಾಗಲೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದ.

ಗುಡ್ಡದಾಚೆಯ ಮಾರ್ಬರಿ ವಿಶ್ವವಿದ್ಯಾಲಯಕ್ಕೆ ಅರ್ಜಿ ತುಂಬುವ ದಿನ ಅವನ ಹೆಂಡತಿ ಟ್ವೈಲಾ ಪಕ್ಕದಲ್ಲೇ ಬೀನ್ಸ್ ಸೋಸುತ್ತ ಕೂತಿದ್ದಳು. 'ನೀವು ಓದಬಯಸುವ ವಿಷಯ' ಎಂಬ ಜಾಗದಲ್ಲಿ ಗಂಡ ಬರೆದದ್ದು ಎರಡೇ ಅಕ್ಷರ.

"ಪಿ.ಎಸ್. ಅಂತ ಮಾತ್ರ ಹಾಕಿದ್ದೀಯಲ್ಲ, ಪೂರ್ತಿ ಬರೀಬೇಕಲ್ವಾ?" ಎಂದಳು.

"ಓದಿದವರು ಪೂರ್ತಿ ಬರೆಯಲ್ಲ ಟ್ವೈಲಾ. ಡಾಕ್ಟರ ಚೀಟಿ ನೋಡಿದ್ದೀಯಲ್ಲ?"

"ಅದಕ್ಕೇ ಔಷಧಿ ಅಂಗಡಿಯವನು ಹೋದ ಸಲ ಅಮ್ಮನಿಗೆ ಬೇರೆ ಮಾತ್ರೆ ಕೊಟ್ಟಿದ್ದು."

ವರ್ಲನ್ ನಕ್ಕ. ಪೊಲಿಟಿಕಲ್ ಸೈನ್ಸ್ ಎಂಬ ಉದ್ದನೆಯ ಹೆಸರನ್ನು ಪಿ.ಎಸ್. ಎಂದು ಮೊಟಕಾಗಿ ಹೇಳುವಾಗ ಬಾಯಿಗೆ ಬರುವ ಗತ್ತೇ ಬೇರೆ. ಕಾಲೇಜಿನ ಪಟ್ಟಿಯಲ್ಲೂ ಕ್ವಿಲನ್ ಮೇಷ್ಟ್ರ ಕೋರ್ಸುಗಳೆಲ್ಲ ಪಿ.ಎಸ್. ಎಂದೇ ಇದ್ದವು. ಬೀನ್ಸ್ ಸೋಸುವವಳಿಗೆ ಇದು ಹೇಗೆ ತಿಳಿಯಬೇಕು?

ಉತ್ತರ ಬಂತು. ಅರವತ್ತು ಕ್ರೆಡಿಟ್ಟುಗಳಲ್ಲಿ ಒಂದನ್ನೂ ಬಿಡದೆ ಒಪ್ಪಿಕೊಂಡು ಮೂರನೇ ವರ್ಷಕ್ಕೆ ಸೇರಿಸಿಕೊಂಡಿದ್ದೇವೆಂದು ಮೊದಲ ಸಾಲಿನಲ್ಲೇ ಇತ್ತು. ವರ್ಲನ್ ಎರಡನೇ ಸಾಲು ಓದಲಿಲ್ಲ. ಸಂತೋಷದ ಪತ್ರವನ್ನು ಕೊನೆಯವರೆಗೂ ಓದುವ ತಾಳ್ಮೆ ಯಾರಿಗಿದೆ? ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಎಲ್ಲರ ಎದುರಿಗೆ ಸುದ್ದಿ ಹೇಳಿದರು. ಚರ್ಚಿನ ಹಿಂದಿನ ಸಭಾಂಗಣದಲ್ಲಿ ಮನೆಗೊಂದು ಪಾತ್ರೆ ತಂದಿಟ್ಟ ಊಟದ ನಡುವೆ ಟ್ವೈಲಾ ಮಾಡಿದ ಕೇಕು ನಿಂತಿತು. ಅದರ ಮೇಲೆ ಸಕ್ಕರೆಯಲ್ಲಿ 'ಮೂರನೇ ವರ್ಷ' ಎಂದು ಬರೆದಿತ್ತು.

ಎಲ್ಲರೂ ಕೈಕುಲುಕಿದರು, ಅವನ ಅತ್ತೆ ಅರ್ಲೀನಮ್ಮನವರೊಬ್ಬರನ್ನು ಬಿಟ್ಟು. ಅವರು ತಟ್ಟೆಯ ತುಂಬ ಆಲೂಗಡ್ಡೆ ಬಡಿಸಿಕೊಂಡು ಬಂದು ಎದುರಿಗೆ ಕೂತರು.

"ಈಗ ತಾನೇ ಸೇರಿದ್ದೀಯ. ಆಗಲೇ ಮೂರನೇ ವರ್ಷ ಹೇಗಾಯ್ತು? ಮೂರು ಸಲ ಕೂರಿಸ್ತಾರಾ?"

"ಇಲ್ಲಿ ಎರಡು ವರ್ಷ ಓದಿದ್ದನ್ನ ಅಲ್ಲಿ ಲೆಕ್ಕಕ್ಕೆ ತಗೊಂಡಿದ್ದಾರೆ ಅತ್ತೆ."

"ಇಲ್ಲಿಯದು ಅಲ್ಲಿ ನಡೆಯತ್ತಾ?"

"ನಡೆಯತ್ತೆ. ಕ್ರೆಡಿಟ್ ಅಂದ್ರೆ ಡಾಲರ್ ಇದ್ದಹಾಗೆ ಅತ್ತೆ. ಈ ಊರಿನ ಡಾಲರನ್ನ ಆ ಊರಿನಲ್ಲಿ ಬೇಡ ಅಂತಾರಾ?"

ಪಕ್ಕದ ಮನೆಯ ಹಾಯ್ಟ್ ಬಾಯಿತುಂಬ ಕೇಕು ಇಟ್ಟುಕೊಂಡೇ, "ಎಷ್ಟು ಚೆನ್ನಾಗಿ ಹೇಳ್ದ ನೋಡಿ" ಎಂದು ತಲೆದೂಗಿದ. ಅರ್ಲೀನಮ್ಮ ತಲೆದೂಗಲಿಲ್ಲ.

ಮಾರ್ಬರಿಯ ಮೊದಲ ದಿನ ವರ್ಲನ್ ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡು ಹೋದ. ಪಿ.ಎಸ್. ವಿಭಾಗ ಎಲ್ಲಿ ಎಂದು ಕೇಳಿದ್ದಕ್ಕೆ ದಾರಿ ತೋರಿಸಿದವರು ಅವನ ಕೋಟನ್ನೊಮ್ಮೆ ನೋಡಿ, "ಗಾಳಿ ಎತ್ತ ಕಡೆಯಿಂದ ಬೀಸ್ತಿದೆಯೋ ಆ ಕಡೆಗೆ ಹೋಗಿ" ಎಂದರು. ಕಾರು ನಿಲ್ಲಿಸುವ ಜಾಗಗಳನ್ನೆಲ್ಲ ದಾಟಿ, ಹುಲ್ಲುಗಾವಲು ಶುರುವಾಗುವ ಕಡೆ ಒಂದು ಉದ್ದನೆಯ ತಗಡಿನ ಕಟ್ಟಡ. ರಾಜ್ಯಶಾಸ್ತ್ರಕ್ಕೆ ವಿಶ್ವವಿದ್ಯಾಲಯದವರು ಕೊಟ್ಟಿರುವ ಸ್ಥಾನ ಇಷ್ಟೇನೋ ಎಂದು ಅವನಿಗೆ ಸಂಕಟವಾಯಿತು. ಒಳಗೆ ಡಾಕ್ಟರ್ ಸ್ಟೋವಾಲ್ ಎಂಬ ಎತ್ತರದ ಪ್ರಾಧ್ಯಾಪಕರು ಒಂದು ಬಿಳಿ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಪಾಠ ಶುರುಮಾಡಿದರು.

ವರ್ಲನ್ ಧೃತಿಗೆಡಲಿಲ್ಲ. ದೊಡ್ಡ ಕಡೆ ದೊಡ್ಡ ರೀತಿಯಲ್ಲೇ ಪಾಠ ಮಾಡುತ್ತಾರೆ. ರೈತರ ಮತ, ಕೃಷಿ ನೀತಿ, ಕೋಳಿಯಿಂದ ಕಾನೂನಿನ ಕಡೆಗೆ ಮೆಲ್ಲಗೆ ಬರುತ್ತಾರೆ ಎಂದುಕೊಂಡು ಪುಟಗಟ್ಟಲೆ ಬರೆದುಕೊಂಡ. ಪ್ರಾಧ್ಯಾಪಕರು ಕೊಕ್ಕಿನಿಂದ ಹಿಡಿದು ಹಿಂಭಾಗದವರೆಗೂ ಬಂದರು, ಕಾನೂನಿನ ಕಡೆ ಮಾತ್ರ ಬರಲಿಲ್ಲ. ಕೊನೆಗೆ ವರ್ಲನ್ ಕೈಯೆತ್ತಿ, "ಸರ್, ಇದಕ್ಕೂ ಸೆನೆಟ್ಟಿಗೂ ಸಂಬಂಧ ಹೇಗೆ?" ಎಂದು ಕೇಳಿದ. ಸ್ಟೋವಾಲರು ಕೋಳಿಯ ಬೆನ್ನು ಸವರಿ, "ಅಲ್ಲಿರೋರಿಗೆ ಪುಕ್ಕ ಇರಲ್ಲ, ಅಷ್ಟೇ" ಎಂದರು. ತರಗತಿ ನಕ್ಕಿತು. ವರ್ಲನ್ ಅದನ್ನೂ ಬರೆದುಕೊಂಡ. ಆಮೇಲೆ ಅವರು ಆ ಕೋಳಿಯನ್ನು ತಂದು ಅವನ ತೊಡೆಯ ಮೇಲಿಟ್ಟು, ಎದೆಯ ಮೂಳೆ ಎಲ್ಲಿದೆ ಮುಟ್ಟಿ ತೋರಿಸಿ ಎಂದರು. ಕೋಳಿ ಮದುವೆಯ ಕೋಟಿನ ಮೇಲೆ ಮಾಡಬಾರದ್ದನ್ನು ಮಾಡಿತು. ಆಗ ಅವನಿಗೆ ಪತ್ರದ ಎರಡನೇ ಸಾಲು ಓದಬೇಕೆನ್ನಿಸಿತು.

ಎರಡನೇ ಸಾಲಿನಲ್ಲಿ ಸ್ಪಷ್ಟವಾಗಿತ್ತು. ಟಲ್ಲಿ ಫೋರ್ಕಿನ ಕಾಲೇಜಿನಲ್ಲಿ ಪಿ.ಎಸ್. ಅಂದರೆ ಪೊಲಿಟಿಕಲ್ ಸೈನ್ಸ್. ಮಾರ್ಬರಿಯಲ್ಲಿ ಪಿ.ಎಸ್. ಅಂದರೆ ಪೌಲ್ಟ್ರಿ ಸೈನ್ಸ್, ಕೋಳಿಶಾಸ್ತ್ರ. ಪಕ್ಷಗಳನ್ನು ಓದಬಂದವನಿಗೆ ವಿಶ್ವವಿದ್ಯಾಲಯ ಪಕ್ಷಿಗಳನ್ನು ಕೊಟ್ಟಿತ್ತು. ಒಂದು ಗುಡಿಸಿನಷ್ಟೇ ವ್ಯತ್ಯಾಸ.

ಕ್ರೆಡಿಟ್ ವರ್ಗಾವಣೆಯ ಕಚೇರಿಯಲ್ಲಿ ಕೂತಿದ್ದವರು ಪ್ರೆಂಟಿಸ್ ಮೇಡಂ. ಬಹಳ ಸೌಮ್ಯ ಹೆಂಗಸು. ಇಲ್ಲ ಎನ್ನುವಾಗಲೂ ಹೂವು ಕೊಟ್ಟಷ್ಟು ಮೃದುವಾಗಿ ಎನ್ನುತ್ತಿದ್ದರು.

"ಮೇಡಂ, ನಾನು ಓದಿದ್ದು ರಾಜ್ಯಶಾಸ್ತ್ರ. ನೀವು ಕೋಳಿಗೆ ಹಾಕಿದ್ದೀರಿ."

"ನಾವು ಹಾಕಿಲ್ಲ ಸರ್. ಪಿ.ಎಸ್. ಅಂತ ನೀವೇ ಬರ್ದಿದ್ದೀರಿ. ನಿಮ್ಮ ಕಾಲೇಜೂ ಪಿ.ಎಸ್. ಅಂತಲೇ ಕಳ್ಸಿದೆ. ಕಂಪ್ಯೂಟರಿಗೆ ಎಷ್ಟು ಸಂತೋಷ ಆಗಿರಬೇಕು ಯೋಚ್ನೆ ಮಾಡಿ."

"ಕೋರ್ಸಿನ ಹೆಸರು ಪಕ್ಕದಲ್ಲೇ ಇದೆಯಲ್ಲ ಮೇಡಂ. 'ಎರಡು ಮನೆಗಳ ಪದ್ಧತಿ' ಅಂತ."

"ಇದೆ. ಮರಿಗಳಿಗೊಂದು ಮನೆ, ಮೊಟ್ಟೆ ಇಡೋ ಕೋಳಿಗೊಂದು ಮನೆ ಅಂತ ನಮ್ಮ ವಿಭಾಗದವರು ಒಪ್ಪಿಕೊಂಡಿದ್ದಾರೆ."

"'ಅಧಿಕಾರದ ಹಂಚಿಕೆ'?"

"ಹುಂಜಗಳ ಬಗ್ಗೆ ಇರಬೇಕು ಅಂದ್ರು."

ವರ್ಲನ್ ಬೆವರು ಒರೆಸಿಕೊಂಡ. "ಕಂಪ್ಯೂಟರ್ ಓದದಿದ್ರೆ ಬೇಡ. ನೀವು ಮನುಷ್ಯರು. ನೀವು ಒಂದು ಸಲ ಓದಿನೋಡಿ ಸರಿಮಾಡಬಹುದಲ್ಲ?"

"ನಾನು ಓದಿದ್ರೆ ಅದು ಮೇಲ್ಮನವಿ ಆಗತ್ತೆ ಸರ್. ಮೇಲ್ಮನವಿ ಕೇಳೋ ಸಮಿತಿ ಸೇರೋದು ಸೆಮಿಸ್ಟರ್ ಕೊನೆಗೆ."

"ಅಲ್ಲಿವರೆಗೆ ನಾನೇನು ಮಾಡ್ಲಿ?"

"ತರಗತಿ ಬಿಟ್ಟರೆ ಸೀಟು ಹೋಗತ್ತೆ" ಎಂದು ಪ್ರೆಂಟಿಸ್ ಮೇಡಂ ಮೃದುವಾಗಿ ಹೇಳಿದರು. "ಕೋಟು ಮಾತ್ರ ಹಾಕ್ಕೊಂಡು ಹೋಗ್ಬೇಡಿ."

ಅಲ್ಲಿಂದ ನೇರವಾಗಿ ಟಲ್ಲಿ ಫೋರ್ಕಿನ ಕಮ್ಯುನಿಟಿ ಕಾಲೇಜಿಗೆ ಬಂದು ಗೋಳು ತೋಡಿಕೊಂಡ. ಕಾಲೇಜಿನ ಆಫೀಸಿನವರು ಅವನ ಕಾಗದಗಳನ್ನು ತಿರುವಿ ಹಾಕಿದರು. ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಒಳಗೆ ಹೋಗಿ ಇನ್ನೂ ಇಬ್ಬರನ್ನು ಕರೆತಂದರು. ಅವರ ಕಾಲೇಜಿನ ಚರಿತ್ರೆಯಲ್ಲಿ ಒಬ್ಬನ ಕ್ರೆಡಿಟ್ಟೂ ಪೂರ್ತಿಯಾಗಿ ಆಚೆ ದಡ ಸೇರಿರಲಿಲ್ಲ. ಅರ್ಧ ದಾರಿಯಲ್ಲಿ ಕೆಲವು ಬಿದ್ದುಹೋಗುತ್ತಿದ್ದವು, ಕೆಲವನ್ನು ಅಲ್ಲಿಯವರು ಬಾಗಿಲಲ್ಲೇ ತಡೆಯುತ್ತಿದ್ದರು. ಇವನದು ಒಂದೂ ಕಳೆಯದೆ ತಲುಪಿದೆ.

"ಆದ್ರೆ ಕೋಳಿಯಾಗಿ ತಲುಪಿದೆ" ಎಂದ ವರ್ಲನ್.

"ತಲುಪಿದೆಯಲ್ಲ" ಎಂದರು ಅವರು ಒಟ್ಟಿಗೇ.

ಅವನನ್ನು ಗೋಡೆಗೆ ನಿಲ್ಲಿಸಿ ಫೋಟೋ ತೆಗೆದರು. ವಾರದೊಳಗೆ ಅದು ಕಾಲೇಜಿನ ಮುಂಬಾಗಿಲಲ್ಲಿ ಚೌಕಟ್ಟು ಹಾಕಿಸಿಕೊಂಡು ನೇತಾಡಿತು: 'ನಮ್ಮ ಹೆಮ್ಮೆ, ವರ್ಲನ್ ಟ್ಯಾಕೆಟ್. ಎಲ್ಲ ಕ್ರೆಡಿಟ್ಟುಗಳೊಂದಿಗೆ ಮಾರ್ಬರಿಯಲ್ಲಿ ಕೋಳಿಶಾಸ್ತ್ರದ ಮೂರನೇ ವರ್ಷಕ್ಕೆ.' ಫೋಟೋದಲ್ಲಿ ವರ್ಲನ್‌ನ ಮುಖ ಪೊಲೀಸರು ಹಿಡಿದವನ ಹಾಗಿತ್ತು. ಸುತ್ತಮುತ್ತ ಯಾವ ಗುಡ್ಡ ಹತ್ತಿ ನೋಡಿದರೂ ಕೋಳಿ ಸಾಕುವ ಉದ್ದನೆಯ ಶೆಡ್ಡುಗಳೇ ಕಾಣುವ ಸೀಮೆ ಅದು. ಇಂಥ ಸೀಮೆಯಲ್ಲಿ ಅಂಥ ಸುದ್ದಿ ಎಷ್ಟು ಹೊತ್ತು ಸುಮ್ಮನಿರುತ್ತದೆ?

ಮೊದಲು ಬಂದವನು ಹಾಯ್ಟ್. ವೆಲ್ಡಿಂಗ್ ಕಲಿಯಲು ಕಾಲೇಜಿಗೆ ಹೋಗಿದ್ದವನು ಫೋಟೋ ನೋಡಿ, ಕ್ಲಾಸಿಗೂ ಹೋಗದೆ ಮನೆಗೆ ಓಡಿ, ತನ್ನ ಕೆಂಪು ಹುಂಜವನ್ನು ರಟ್ಟಿನ ಪೆಟ್ಟಿಗೆಗೆ ಹಾಕಿಕೊಂಡು ಬಂದಿದ್ದ.

"ಮೊನ್ನೆಯಿಂದ ಕೂಗ್ತಾ ಇಲ್ಲ. ಸುಮ್ನೆ ಗೋಡೆ ನೋಡ್ಕೊಂಡು ನಿಂತಿರತ್ತೆ."

"ಹಾಯ್ಟ್, ನನಗೆ ಕೋಳಿ ವಿಷ್ಯ ಏನೂ ಗೊತ್ತಿಲ್ಲ ಮಾರಾಯ."

"ಸೆನೆಟ್ ವಿಷ್ಯ ಆದ್ರೆ ಕೇಳದೇ ಇದ್ರೂ ಹೇಳ್ತಿದ್ದೆ. ಕೋಳಿ ವಿಷ್ಯ ಬಾಯಿ ಬಿಡಲ್ಲ. ನಿಜವಾಗಿ ಗೊತ್ತಿರೋದನ್ನ ಮನುಷ್ಯ ಹಾಗೇ ಬಚ್ಚಿಟ್ಕೊಳ್ಳೋದು, ನನಗೆ ತಿಳೀತದೆ ಬಿಡು."

ವರ್ಲನ್ ಪೆಟ್ಟಿಗೆಯೊಳಗೆ ನೋಡಿದ. ಹುಂಜ ಅವನನ್ನು ನೋಡಿತು. ಇಬ್ಬರ ಮುಖದಲ್ಲೂ ಒಂದೇ ಭಾವವಿತ್ತು. ವರ್ಲನ್ನನಿಗೆ ಅಷ್ಟು ದಿನದ ಸಂಕಟವೆಲ್ಲ ಒಮ್ಮೆಲೇ ಹೊಟ್ಟೆಯಿಂದ ಎದ್ದುಬಂದು, ಅಯ್ಯೋ ಎಂದು ಒಂದು ದೀರ್ಘವಾದ ನರಳಾಟ ಹೊರಟಿತು. ಹುಂಜ ಬೆಚ್ಚಿ, ಕತ್ತು ನಿಮಿರಿಸಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿತು.

ಹಾಯ್ಟ್ ಟೋಪಿ ತೆಗೆದ. "ಮಾರ್ಬರಿ ಅಂದ್ರೆ ಮಾರ್ಬರಿ" ಎಂದು ಮೆಲ್ಲಗೆ ಹೇಳಿ, ಹುಂಜವನ್ನು ಎತ್ತಿಕೊಂಡು ಹೋದ.

ಅಂದಿನಿಂದ ಹಾಸಿಗೆ ಅಂಗಡಿಗೆ ಬರುವವರ ಕೈಯಲ್ಲೆಲ್ಲ ಪೆಟ್ಟಿಗೆ. ಮೊಟ್ಟೆ ನಿಲ್ಲಿಸಿದ ಕೋಳಿ, ಕುಂಟುವ ಕೋಳಿ, ಗಂಡನಿಗಿಂತ ಹೆಚ್ಚು ತಿನ್ನುವ ಕೋಳಿ. ಗೊತ್ತಿಲ್ಲ ಎಂದರೆ ವಿನಯ ಎನ್ನುತ್ತಾರೆ. ಸುಮ್ಮನಿದ್ದರೆ ಯೋಚಿಸುತ್ತಿದ್ದಾನೆ ಎನ್ನುತ್ತಾರೆ. ಮರ್ಯಾದೆ ಉಳಿಸಿಕೊಳ್ಳಲು ಬೇರೆ ದಾರಿ ಕಾಣದೆ ಅವನು ಸ್ಟೋವಾಲರ ಪುಸ್ತಕಗಳನ್ನು ತರಗತಿಯಿಲ್ಲದ ಹೊತ್ತೆಲ್ಲ ಓದತೊಡಗಿದ. ಹೊಸ ಹಾಸಿಗೆಗಳ ಮೇಲೆ ಕೋಳಿಯ ಕರುಳಿನ ಚಿತ್ರಗಳನ್ನು ಹರಡಿಕೊಂಡು ಕೂತಿರುತ್ತಿದ್ದ. ಮಾಲೀಕ ನೋಡಿ, ಸಂವಿಧಾನವೇ ವಾಸಿಯಾಗಿತ್ತು ಎಂದುಕೊಂಡ.

ಎಲ್ಲಕ್ಕಿಂತ ಆಶ್ಚರ್ಯದ ಸಂಗತಿ ಅರ್ಲೀನಮ್ಮನವರದು. ಮಗಳ ಮದುವೆಯಾದಂದಿನಿಂದ ಅಳಿಯನನ್ನು ಕಂಡರೆ ಟಿವಿಯ ಸದ್ದು ಜಾಸ್ತಿ ಮಾಡುತ್ತಿದ್ದ ಆ ತಾಯಿ ಒಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಅವನ ತೋಳು ಹಿಡಿದು ನಿಂತುಬಿಟ್ಟರು.

"ನಮ್ಮ ಅಳಿಯ" ಎಂದು ಹಾದುಹೋದವರಿಗೆಲ್ಲ ತೋರಿಸಿದರು. "ಬಾಯಿ ತೆಗೆದ್ರೆ ಸೆನೆಟ್ ಸೆನೆಟ್ ಅಂತಿದ್ದ. ಸೆನೆಟ್ ಮೊಟ್ಟೆ ಇಡತ್ತಾ? ಅದನ್ನ ಹುರಿದು ತಿನ್ನೋಕಾಗತ್ತಾ? ಈಗ ನೋಡಿ, ಬುದ್ಧಿ ಬಂದಿದೆ. ನನ್ನ ಮಗಳ ಪುಣ್ಯ."

ಮಧ್ಯಾಹ್ನ ಅವರೇ ಕೈಯಾರೆ ಕೋಳಿ ಹುರಿದು, ದೊಡ್ಡ ತುಂಡನ್ನು ಅಳಿಯನ ತಟ್ಟೆಗೆ ಹಾಕಿದರು. ಅಷ್ಟು ವರ್ಷಗಳಲ್ಲಿ ಅವನಿಗೆ ಸಿಕ್ಕಿದ್ದು ಕತ್ತಿನ ತುಂಡು. ವರ್ಲನ್ ತುಂಡನ್ನು ಕೈಗೆತ್ತಿಕೊಂಡ. ಎದೆಯ ಮೂಳೆ, ಅದರ ಪಕ್ಕದ ಸ್ನಾಯು, ಅದಕ್ಕೆ ಬರುವ ರೋಗಗಳು ಸಾಲಾಗಿ ಕಣ್ಣಮುಂದೆ ಬಂದು ನಿಂತವು. ಕೆಳಗಿಟ್ಟ.

"ತಿನ್ನೋ" ಎಂದರು ಅತ್ತೆ.

"ಆಗ್ತಿಲ್ಲ ಅತ್ತೆ."

"ನೋಡಿದ್ರಾ" ಎಂದು ಅವರು ಮೇಜಿಗೆಲ್ಲ ಕೇಳುವಂತೆ ಹೇಳಿದರು. "ಎಷ್ಟು ಪ್ರೀತಿ ಅವುಗಳ ಮೇಲೆ."

ಊರಿಗೆಲ್ಲ ಸಂತೋಷ, ಕಾಲೇಜಿಗೆ ಹೆಮ್ಮೆ, ಅತ್ತೆಗೆ ತೃಪ್ತಿ. ಇಡೀ ವ್ಯವಹಾರದಲ್ಲಿ ದುಃಖಕ್ಕೆ ಉಳಿದವನು ಅವನೊಬ್ಬನೇ. ಅದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು? ಹೇಳಿಕೊಂಡದ್ದು ಕ್ವಿಲನ್ ಮೇಷ್ಟ್ರ ಹತ್ತಿರ. ಮೇಷ್ಟ್ರು ಎಲ್ಲಿಯೂ ಕಾಯಂ ಆಗದೆ, ಕೆಲವು ದಿನ ಟಲ್ಲಿ ಫೋರ್ಕಿನ ಕಾಲೇಜಿನಲ್ಲೂ ಕೆಲವು ದಿನ ಮಾರ್ಬರಿಯಲ್ಲೂ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದರು. ಅವರ ಪುಸ್ತಕ, ಬುತ್ತಿ, ಇಸ್ತ್ರಿ ಮಾಡಿದ ಅಂಗಿ ಎಲ್ಲವೂ ಇದ್ದದ್ದು ಅವರ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ. ಕಾರಿನ ಬಾಗಿಲಿಗೆ ಒರಗಿ ನಿಂತೇ ಅವರು ವರ್ಲನ್‌ನ ಕಥೆಯನ್ನೆಲ್ಲ ಕೇಳಿದರು.

"ಸಮಿತಿ ಮುಂದೆ ನಾನು ಬರ್ತೀನಿ" ಎಂದರು. "ನಿನಗೆ ಕಲಿಸಿದ್ದು ನಾನು. ಅದಕ್ಕಿಂತ ಸಾಕ್ಷಿ ಬೇಕಾ?"

ಸೆಮಿಸ್ಟರಿನ ಕೊನೆಗೆ ಸಮಿತಿ ಸೇರಿತು. ಅಧ್ಯಕ್ಷೆ, ರಾಜ್ಯಶಾಸ್ತ್ರ ವಿಭಾಗದ ಮುಖ್ಯಸ್ಥೆ ಲೊಮ್ಯಾಕ್ಸ್ ಮೇಡಂ ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಡಾಕ್ಟರ್ ಸ್ಟೋವಾಲ್. ಟ್ವೈಲಾ ಹೊರಗೆ ಬೆಂಚಿನ ಮೇಲೆ ಕೂತಳು. ಮೊದಲು ಮೇಷ್ಟ್ರ ವಿಚಾರಣೆ.

"ಈ ವಿದ್ಯಾರ್ಥಿಗೆ ನೀವು ಏನು ಕಲಿಸಿದ್ರಿ?"

"ಇಲ್ಲಿ ಮಂಗಳವಾರ ಏನು ಕಲಿಸ್ತೀನೋ ಅದನ್ನೇ ಅಲ್ಲಿ ಸೋಮವಾರ ಕಲಿಸಿದೆ ಮೇಡಂ."

"ಪುಸ್ತಕ?"

"ಅದೇ."

"ಪರೀಕ್ಷೆ?"

"ಅದೇ ಪ್ರಶ್ನೆಗಳು. ಪಾಠದ ಮಧ್ಯೆ ಹೇಳೋ ಜೋಕುಗಳೂ ಅವೇ."

ಲೊಮ್ಯಾಕ್ಸ್ ಮೇಡಂ ಎರಡು ನಿಮಿಷ ಕಾಗದ ನೋಡಿದರು. "ಹಾಗಾದ್ರೆ ಕೋಳಿ ವಿಷ್ಯ ಅಲ್ಲ ಅನ್ನೋದು ಒಪ್ಪತಕ್ಕದ್ದೇ. ಆದ್ರೆ ರಾಜ್ಯಶಾಸ್ತ್ರ ಅಂತ ಒಪ್ಪೋದಾದ್ರೆ, ಕಲಿಸಿದವರು ನಮ್ಮ ವಿಭಾಗ ಅಂಗೀಕರಿಸಿದ ಅಧ್ಯಾಪಕರಾಗಿರ್ಬೇಕು."

"ನಾನು ಅಂಗೀಕೃತನೇ ಮೇಡಂ. ನೀವೇ ಸಹಿ ಹಾಕಿದ್ದೀರಿ."

"ಅದು ಇಲ್ಲಿಯ ಕ್ವಿಲನ್. ಅಲ್ಲಿ ಕಲಿಸಿದ ಕ್ವಿಲನ್ ಯಾರು ಅಂತ ನಮ್ಮ ಕಡತದಲ್ಲಿ ಇಲ್ಲ."

"ಅವನೂ ನಾನೇ."

"ಸೋಮವಾರದ್ದು ನಮಗೆ ಗೊತ್ತಾಗಲ್ಲ" ಎಂದರು ಲೊಮ್ಯಾಕ್ಸ್ ಮೇಡಂ. ಹೇಳಿದ್ದರಲ್ಲಿ ತಮಾಷೆಯಾಗಲಿ ಕೋಪವಾಗಲಿ ಇರಲಿಲ್ಲ. ಮೇಷ್ಟ್ರು ಸೋಮವಾರ ತಾನು ಯಾರಾಗಿದ್ದೆ ಎಂದು ತಾವೇ ಯೋಚಿಸುವವರ ಹಾಗೆ ಕೈಬೆರಳು ನೋಡಿಕೊಂಡು ಕೂತರು.

ಆಮೇಲೆ ಸ್ಟೋವಾಲರು ಎದ್ದುನಿಂತು, ಪ್ರಾಮಾಣಿಕವಾಗಿ, ತುಂಬು ಮನಸ್ಸಿನಿಂದ, ಟ್ಯಾಕೆಟ್‌ನಂಥ ಶ್ರದ್ಧೆಯ ವಿದ್ಯಾರ್ಥಿಯನ್ನು ತಾವು ಈಚೆಗೆ ನೋಡಿಲ್ಲವೆಂದರು. ಕರುಳಿನ ರೋಗಗಳ ಪರೀಕ್ಷೆಯಲ್ಲಿ ಅವನೇ ಮೊದಲಿಗನೆಂದರು. ವರ್ಲನ್ ಕುರ್ಚಿಯಲ್ಲಿ ಕುಸಿದ. ಊರಿನವರ ಪೆಟ್ಟಿಗೆಗಳಿಗೆ ಹೆದರಿ ಓದಿದ್ದು ಇಲ್ಲಿ ಬಂದು ಅವನ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು.

ತೀರ್ಮಾನ ಹೀಗೆ ಬಂತು. ಕೋಳಿಶಾಸ್ತ್ರದಲ್ಲೇ ಉಳಿದರೆ ಎಲ್ಲ ಕ್ರೆಡಿಟ್ಟುಗಳೂ ಉಳಿಯುತ್ತವೆ, ಮೂರನೇ ವರ್ಷವೂ ಉಳಿಯುತ್ತದೆ. ರಾಜ್ಯಶಾಸ್ತ್ರ ಬೇಕೆಂದರೆ ಹಳೆಯ ಕ್ರೆಡಿಟ್ಟುಗಳನ್ನು ಗೌರವದಿಂದ ಸ್ವೀಕರಿಸಿ ಕಡತದಲ್ಲಿ ಇಡಲಾಗುವುದು. ಡಿಗ್ರಿಗೆ ಮಾತ್ರ ಅವು ಲೆಕ್ಕಕ್ಕಿಲ್ಲ. ಮೊದಲನೇ ವರ್ಷದಿಂದ ಶುರು.

"ಯೋಚ್ನೆ ಮಾಡಿ ಹೇಳಿ" ಎಂದರು ಲೊಮ್ಯಾಕ್ಸ್ ಮೇಡಂ. "ನಾವು ಕಾಫಿ ಕುಡಿದು ಬರೋದ್ರೊಳಗೆ."

ವರ್ಲನ್ ಹೊರಗೆ ಬಂದು ಹೆಂಡತಿಯ ಪಕ್ಕ ಬೆಂಚಿನ ಮೇಲೆ ಕೂತ. ಅವಳು ಸರಿದು ಜಾಗ ಕೊಟ್ಟಳು. ಒಳಗೆ ನಡೆದದ್ದನ್ನೆಲ್ಲ ಅವನು ಹೇಳಿದ.

"ಮೊದಲನೇ ವರ್ಷಕ್ಕೆ ಹೋದ್ರೆ ಇನ್ನೂ ನಾಲ್ಕು ವರ್ಷ. ಅಷ್ಟರಲ್ಲಿ ಹೈಸ್ಕೂಲಿನ ಕುರ್ಚಿ ಯಾರಿಗೋ ಹೋಗಿರತ್ತೆ. ಕೋಳಿ ತಗೊಂಡ್ರೆ ಬೇಗ ಮುಗಿಯತ್ತೆ. ಆದ್ರೆ ಆ ಕುರ್ಚಿ ಕೋಳಿಯವನಿಗೆ ಕೊಡಲ್ಲ."

"ಹೇಗೆ ಮಾಡಿದ್ರೂ ಕುರ್ಚಿ ಹೋಗತ್ತೆ ಅಂದ್ಮೇಲೆ ಕುರ್ಚಿ ವಿಷ್ಯ ಬಿಡು" ಎಂದಳು ಟ್ವೈಲಾ. "ನಿನ್ನ ವಿಷ್ಯ ಹೇಳು."

"ನಿಮ್ಮಮ್ಮ ಈಗ ನನ್ನ ಜೊತೆ ಮಾತಾಡ್ತಿದ್ದಾರೆ ಟ್ವೈಲಾ. ದೊಡ್ಡ ತುಂಡು ಹಾಕ್ತಾರೆ."

"ಅಮ್ಮನ ವಿಷ್ಯಾನೂ ಕೇಳಲಿಲ್ಲ."

ಅವನು ಎದುರಿನ ಗೋಡೆಯ ಕಡೆ ತಿರುಗಿದ. "ನಾನು ಮಾತಾಡಿದ್ರೆ ಕೋಳಿ ಕೇಳಲ್ಲ" ಎಂದ.

"ಹಾಸಿಗೆ ಕೊಳ್ಳೋಕೆ ಬಂದವರೂ ಕೇಳಲ್ಲ."

"ಕೇಳಲ್ಲ. ಆದ್ರೆ ಒಬ್ಬೊಬ್ಬರು, ಯಾವಾಗಲೋ ಒಂದು ಸಲ, ಎದ್ದು ಕೂತು ಒಂದು ಪ್ರಶ್ನೆ ಕೇಳ್ತಾರೆ." ಅವನು ಅವಳ ಕಡೆ ತಿರುಗಿದ. "ಬ್ಲೆಡ್ಸೋ ಮೇಡಂ ಕೇಳಿದ್ರು."

ಟ್ವೈಲಾ ಅವನ ಅಂಗಿಯ ತೋಳಿಗೆ ಅಂಟಿಕೊಂಡಿದ್ದ ಒಂದು ಪುಕ್ಕವನ್ನು ತೆಗೆದು ಕೆಳಗೆ ಹಾಕಿದಳು. "ಹೋಗಿ ಹೇಳು ಹಾಗಾದ್ರೆ. ಅವರ ಕಾಫಿ ಮುಗಿದಿರತ್ತೆ."

ಟಲ್ಲಿ ಫೋರ್ಕಿಗೆ ಸುದ್ದಿ ಇವರ ಕಾರಿಗಿಂತ ಮೊದಲೇ ಮುಟ್ಟಿತ್ತು, ಅದೂ ಸ್ವಲ್ಪ ಬೆಳೆದು. ಮಾರ್ಬರಿಯಲ್ಲಿ ವರ್ಲನ್ ಒಂದು ಕೋಳಿಗೆ ಏನೋ ಮಾಡಬಾರದ್ದು ಮಾಡಿ ಸಿಕ್ಕಿಬಿದ್ದನಂತೆ, ಅದಕ್ಕೇ ಎರಡು ವರ್ಷ ಕೆಳಗಿಳಿಸಿದರಂತೆ. ಕೋಳಿಗೆ ಏನು ಮಾಡಿದನೆಂಬುದರ ಬಗ್ಗೆ ಕ್ಷೌರದಂಗಡಿಯಲ್ಲೇ ಎರಡು ಪಂಗಡಗಳಾದವು. ಹಾಯ್ಟ್ ಮಾತ್ರ ಎರಡಕ್ಕೂ ಸೇರಲಿಲ್ಲ. ಆದರೆ ಹುಂಜವನ್ನು ಒಳಗೆ ಕಟ್ಟಿಹಾಕಿದ. ಕಮ್ಯುನಿಟಿ ಕಾಲೇಜಿನವರು ಫೋಟೋ ಇಳಿಸಿ, ಮೊಳೆ ಖಾಲಿ ಕಾಣಬಾರದೆಂದು ಒಂದು ಗಡಿಯಾರ ತೂಗುಹಾಕಿದರು. ಬ್ಲೆಡ್ಸೋ ಮೇಡಂ ದಿಂಬು ಕೊಳ್ಳುವ ನೆಪದಲ್ಲಿ ಅಂಗಡಿಗೆ ಬಂದರು. ಮುದಿ ಮೇಷ್ಟ್ರು ಹೋದ ಮೇಲೆ ಆ ಪಾಠವನ್ನು ಫುಟ್‌ಬಾಲ್ ತರಬೇತಿ ಕೊಡುವವನಿಗೇ ವಹಿಸಲು ಆಡಳಿತದವರು ಈಗಲೇ ತೀರ್ಮಾನಿಸಿಬಿಟ್ಟಿದ್ದಾರೆಂದು ಹೇಳಿ, ಬೇಡದ ದಿಂಬೊಂದನ್ನು ಕೊಂಡುಕೊಂಡು, ಅದನ್ನು ಎದೆಗೆ ಅವುಚಿಕೊಂಡು ತಲೆತಗ್ಗಿಸಿ ಹೋದರು.

ಅರ್ಲೀನಮ್ಮನವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದರು. "ಮೂರರಿಂದ ಒಂದಕ್ಕೆ ಬಂದ. ಬರೋ ವರ್ಷ ಸೊನ್ನೆ. ಆಮೇಲೆ ತೊಟ್ಟಿಲು ಕೊಡಿಸಬೇಕು."

ಟಿವಿಯ ಸದ್ದು ಮೊದಲಿಗಿಂತ ಜಾಸ್ತಿಯಾಯಿತು.

ಜನವರಿಯಲ್ಲಿ ಮೊದಲನೇ ವರ್ಷದ ತರಗತಿ ಶುರುವಾಯಿತು. ರಸ್ತೆಯ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ವರ್ಲನ್ ಬಹಳ ಮೊದಲೇ ಹೊರಟು ಮಾರ್ಬರಿಗೆ ಬಂದು, ಇಟ್ಟಿಗೆಯ ಒಳ್ಳೆಯ ಕಟ್ಟಡವೊಂದರಲ್ಲಿ ತನ್ನ ಕೋಣೆಯನ್ನು ಹುಡುಕಿಕೊಂಡ. ಒಳಗೆ ಕಾಲಿಟ್ಟ ಕೂಡಲೇ ಗದ್ದಲ ನಿಂತುಹೋಯಿತು. ಮೀಸೆ ಸರಿಯಾಗಿ ಮೂಡದ ಮಕ್ಕಳು ಮೇಜಿನ ಮೇಲಿಟ್ಟಿದ್ದ ಕಾಲುಗಳನ್ನು ಕೆಳಗಿಳಿಸಿದರು. ಮೊದಲನೇ ಸಾಲಿನ ಹುಡುಗಿಯೊಬ್ಬಳು ಪುಸ್ತಕ ಬಿಚ್ಚಿಕೊಂಡು, "ಸರ್, ಇವತ್ತು ಮೊದಲನೇ ಅಧ್ಯಾಯನಾ?" ಎಂದಳು.

ವರ್ಲನ್ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ನಾನು ಮೇಷ್ಟ್ರಲ್ಲ ಎನ್ನಲು ಬಾಯಿ ತೆರೆದವನು ಗೋಡೆಯ ಗಡಿಯಾರ ನೋಡಿದ; ಬರಬೇಕಾದವರು ಬಂದಿರಲಿಲ್ಲ. ಬರಬೇಕಾದವರು ಕ್ವಿಲನ್ ಮೇಷ್ಟ್ರೇ. ಅವರ ಹಳೆಯ ಕಾರು ಗುಡ್ಡದ ಇಳಿಜಾರಿನಲ್ಲಿ ಮಂಜುಗಡ್ಡೆಯ ಮೇಲೆ ತೆವಳಿಕೊಂಡು ಬರುತ್ತಿತ್ತು.

"ಹೌದು, ಮೊದಲನೇದು" ಎಂದ ವರ್ಲನ್. "ಎರಡು ಮನೆ ಯಾಕೆ ಬೇಕು, ಒಂದೇ ಮನೆ ಸಾಲಲ್ವಾ ಅನ್ನೋದು."

ಇಷ್ಟನ್ನೇ ಹೇಳಿ ಕೂರಬೇಕೆಂದಿದ್ದ. ಹುಡುಗಿ, "ಸಾಲಲ್ವಾ ಸರ್?" ಎಂದುಬಿಟ್ಟಳು. ಮದುವೆಯ ಕೋಟು ಹಾಕದ, ಹೊಟ್ಟೆ ಮುಂದೆ ಬಂದ ಆ ಮನುಷ್ಯ ನಿಂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳತೊಡಗಿದ. ಯಾರೂ ಮಲಗಲಿಲ್ಲ. ಹಿಂದಿನ ಸಾಲಿನ ಹುಡುಗನೊಬ್ಬ ವಾದಕ್ಕೇ ನಿಂತ. ಅವನಿಗೆ ಈ ಕಡೆಯ ಇನ್ನೊಬ್ಬ ಉತ್ತರ ಕೊಟ್ಟ. ವರ್ಲನ್ ಇಬ್ಬರನ್ನೂ ತಡೆದು, ಇಬ್ಬರದೂ ಅರ್ಧ ಸರಿ ಎಂದು ತೋರಿಸಿಕೊಟ್ಟ. ಯಾವ ಜಾಗದಲ್ಲಿ ಮೇಷ್ಟ್ರು ಜೋಕು ಹೇಳುತ್ತಿದ್ದರೋ ಆ ಜಾಗದಲ್ಲಿ ತಾನೂ ಹೇಳಿದ. ನಗು ಬಂದ ಮೇಲೆ ಅವರಂತೆಯೇ ಸ್ವಲ್ಪ ತಡೆದು ಮುಂದಕ್ಕೆ ಹೋದ.

ಕ್ವಿಲನ್ ಮೇಷ್ಟ್ರು ಬಾಗಿಲಿಗೆ ಬಂದಾಗ ಪಾಠ ಅರ್ಧ ದಾಟಿತ್ತು. ಕೈತುಂಬ ಪುಸ್ತಕ, ಅಂಗಿ ಒದ್ದೆ, ಮುಖ ಚಳಿಗೆ ಕೆಂಪಗಾಗಿತ್ತು. ಒಳಗೆ ಹೆಜ್ಜೆ ಇಡಹೋದವರು ತಡೆದು ನಿಂತರು. ಆಮೇಲೆ ಸದ್ದಾಗದಂತೆ ಗೋಡೆಯ ಬದಿಯಿಂದ ನಡೆದುಹೋಗಿ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು, ಬಹಳ ದಿನಕ್ಕೆ ಸಿಕ್ಕ ಕುರ್ಚಿಯೆಂಬಂತೆ ಕಾಲು ಚಾಚಿದರು. ವರ್ಲನ್ ಅವರನ್ನು ಕಂಡು ನಡುವಾಕ್ಯದಲ್ಲಿ ನಿಂತುಬಿಟ್ಟ. ಅವರು ಕೈಯಿಂದಲೇ, ಮುಂದುವರಿಸು ಎಂದರು.

ಗಂಟೆಯಾಗಿ ಮಕ್ಕಳೆಲ್ಲ ಹೊರಗೆ ಹೋದರು. ಮೊದಲ ಸಾಲಿನ ಹುಡುಗಿ, "ಥ್ಯಾಂಕ್ಸ್ ಸರ್" ಎಂದು ವರ್ಲನ್ನನಿಗೆ ಹೇಳಿ, ಒದ್ದೆಯಾಗಿ ಕೂತಿದ್ದ ಕ್ವಿಲನ್ ಮೇಷ್ಟ್ರಿಗೆ, "ನೀವು ಹೊಸದಾಗಿ ಸೇರಿದ್ರಾ?" ಎಂದು ಕೇಳಿ ಹೋದಳು.

ಕೋಣೆಯಲ್ಲಿ ಇಬ್ಬರೇ ಉಳಿದರು. ಮೇಷ್ಟ್ರು ಮೆಲ್ಲಗೆ ಎದ್ದು ಮುಂದೆ ಬಂದು, ಹಾಜರಿ ಪುಸ್ತಕ ತೆಗೆದು, ಟ್ಯಾಕೆಟ್ ಎಂಬ ಹೆಸರಿನ ಮುಂದೆ ಗುರುತು ಹಾಕಿದರು.

"ಚೆನ್ನಾಗಿ ಹೇಳಿದೆ" ಎಂದರು. "ನನಗಿಂತ ಚೆನ್ನಾಗಿತ್ತು."

ವರ್ಲನ್‌ನ ಕಣ್ಣಲ್ಲಿ ನೀರಾಡಿತು. "ನಿಜವಾಗ್ಲೂ ಸರ್?"

"ನಿಜವಾಗ್ಲೂ" ಎಂದು ಕ್ವಿಲನ್ ಮೇಷ್ಟ್ರು ಪುಸ್ತಕಗಳನ್ನು ಮತ್ತೆ ಕೈಗೆತ್ತಿಕೊಂಡರು. "ಆದ್ರೆ ಇದಕ್ಕೂ ಕ್ರೆಡಿಟ್ ಬರಲ್ಲ."